ಆರು ಫ್ಯಾನ್ ಇದ್ದರೂ ಧಗೆ ಯಾಕೆ?

ಏಪ್ರಿಲ್ ಬಂತೆಂದರೆ ನನಗೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಡಿಸೆಂಬರಿನಲ್ಲಿ "ಯಾವ ಗ್ರಾಫಿಕ್ಸ್ ಕಾರ್ಡ್ ತಗೊಳ್ಳಲಿ" ಎಂದು ಕೇಳುತ್ತಿದ್ದವರೇ ಈಗ "ಪಿಸಿ ಕಾದ ಹೆಂಚಾಗಿದೆ, ಏನು ಮಾಡಲಿ" ಎನ್ನುತ್ತಾರೆ. ಈ ಸಲ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳನ್ನೇ ಒಟ್ಟಿಗೆ ಹಾಕಿದ್ದೇನೆ. ಎಲ್ಲರ ದೂರೂ ಹೆಚ್ಚುಕಮ್ಮಿ ಒಂದೇ. ಗಾಳಿಯದ್ದು. ಇನ್ನೊಂದು ಮಾತು: ನಮ್ಮ ಕಡೆ ಇಡೀ ಪೆಟ್ಟಿಗೆಗೇ ಸಿಪಿಯು ಅನ್ನುವ ರೂಢಿ ಇದೆ. ಇಲ್ಲಿ ಸಿಪಿಯು ಎಂದರೆ ಒಳಗಿನ ಪ್ರೊಸೆಸರ್ ಚಿಪ್ ಮಾತ್ರ. ಪೆಟ್ಟಿಗೆಗೆ ಕ್ಯಾಬಿನೆಟ್ ಅನ್ನೋಣ, ಇಲ್ಲದಿದ್ದರೆ ಇಬ್ಬರಿಗೂ ಗೊಂದಲ.

ಪ್ರಶ್ನೆ: ನಾನು ಎಂಜಿನಿಯರಿಂಗ್ ಮೂರನೇ ವರ್ಷದ ವಿದ್ಯಾರ್ಥಿ. ಹೋದ ದೀಪಾವಳಿಗೆ ನಾನೇ ಪಿಸಿ ಜೋಡಿಸಿದೆ. ಇಂಟೆಲ್ ಐ5-12400ಎಫ್, ಅದರ ಜೊತೆಗೇ ಬಂದ ಕೂಲರ್, ಮುಂದೆ ಪೂರ್ತಿ ಗಾಜಿರುವ ಕ್ಯಾಬಿನೆಟ್, ಬಣ್ಣದ ಲೈಟಿನ ಆರು ಆರ್‌ಜಿಬಿ ಫ್ಯಾನ್. ಆಗ ಗೇಮ್ ಆಡುವಾಗ ಸಿಪಿಯು 75 ಡಿಗ್ರಿ ದಾಟುತ್ತಿರಲಿಲ್ಲ. ಈಗ 96 ತೋರಿಸುತ್ತದೆ, ಒಮ್ಮೊಮ್ಮೆ 100 ಮುಟ್ಟಿ ಆಟ ತಡವರಿಸುತ್ತದೆ. ಅಂಗಡಿಯವರು ಲಿಕ್ವಿಡ್ ಕೂಲರ್ ಹಾಕಿಸಿ ಅಂತಾರೆ. ಹಾಕಿಸಲಾ ಸರ್? ಒಳಗಿನ ಫೋಟೊ ಕಳಿಸಿದ್ದೇನೆ.
– ವಿದ್ಯಾನಗರ, ದಾವಣಗೆರೆ

ಉತ್ತರ: ಸದ್ಯಕ್ಕೆ ಬೇಡ. ದುಡ್ಡು ಜೇಬಲ್ಲೇ ಇರಲಿ.

ಮೊದಲು ಒಂದು ಲೆಕ್ಕ ಹಾಕೋಣ. ಕೂಲರ್ ಯಾವುದೇ ಇರಲಿ, ಅದು ಸಿಪಿಯುವನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಅದಕ್ಕೆ ಗೊತ್ತಿರುವುದು ಇಷ್ಟೇ: ಚಿಪ್‌ನ ಕಾವನ್ನು ಸುತ್ತಲಿನ ಗಾಳಿಗೆ ದಾಟಿಸುವುದು. ಒಂದೇ ಕೆಲಸ, ಒಂದೇ ಫ್ಯಾನ್ ವೇಗ ಇದ್ದರೆ ಕೋಣೆಗೂ ಚಿಪ್‌ಗೂ ನಡುವಿನ ಅಂತರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ದೀಪಾವಳಿ ಹೊತ್ತಿಗೆ ರಾತ್ರಿ ನಿಮ್ಮ ಕೋಣೆ 25 ಡಿಗ್ರಿ ಇತ್ತು ಅಂದುಕೊಳ್ಳಿ. ಅಂತರ 50. ಈಗ ನೀವು ಬರೆದ ಪ್ರಕಾರ ಮಹಡಿ ಮೇಲಿನ ಆರ್‌ಸಿಸಿ ಕೋಣೆ, ಸಂಜೆ ಏಳಕ್ಕೂ 36 ಡಿಗ್ರಿ ಇರುತ್ತದೆ. 36ಕ್ಕೆ 50 ಸೇರಿಸಿದರೆ 86. ಅಂದರೆ ಏರಿದ 21 ಡಿಗ್ರಿಯಲ್ಲಿ 11 ಡಿಗ್ರಿ ನಮ್ಮೂರ ಬೇಸಿಗೆಯದು, ಅದಕ್ಕೆ ನೀವೂ ನಾನೂ ಏನೂ ಮಾಡಲಾಗದು. ಉಳಿದ 10 ಡಿಗ್ರಿ ಮಾತ್ರ ನಿಮ್ಮ ಪೆಟ್ಟಿಗೆಯದು. ನಾವು ಹಿಡಿಯಬೇಕಾದ ಕಳ್ಳ ಅದು.

ಈ ಚಿಪ್‌ಗೆ 100 ಡಿಗ್ರಿ ಗಡಿ. ಅಲ್ಲಿಗೆ ಬಂದರೆ ತಾನೇ ವೇಗ ಇಳಿಸಿಕೊಂಡು ತನ್ನನ್ನು ಕಾಪಾಡಿಕೊಳ್ಳುತ್ತದೆ. ಆಟ ತಡವರಿಸುವುದು ಅದಕ್ಕೇ. ಸುಟ್ಟುಹೋಗುತ್ತದೆ ಅನ್ನುವ ಭಯ ಬೇಡ, ಹಾಗಂತ ದಿನಾ ಅಲ್ಲೇ ಓಡಿಸುವುದೂ ಬೇಡ.

ಈಗ ಫೋಟೊಗೆ ಬರೋಣ. ಮುಂದೆ ಮೂರು ಫ್ಯಾನ್, ಮೇಲೆ ಎರಡು, ಹಿಂದೆ ಒಂದು. ಕೇಳಲಿಕ್ಕೆ ಚೆನ್ನಾಗಿದೆ. ಆದರೆ ಮುಂದಿನ ಮೂರು ಫ್ಯಾನಿಗೆ ಎದುರಾಗಿ ಗಾಜು ನಿಂತಿದೆ. ಗಾಳಿ ಬರಬೇಕಾದ್ದು ಗಾಜಿನ ಪಕ್ಕದ ಸಂದಿಯಿಂದ, ಅದು ಒಂದು ಬೆರಳಗಲ ಕೂಡ ಇದ್ದಂತಿಲ್ಲ, ಆ ಸಂದಿಯಲ್ಲೂ ಬೂದು ಬಣ್ಣದ ಧೂಳು ಗೆರೆ ಕಟ್ಟಿದೆ. ಮನೆಯಲ್ಲಿ ಕಿಟಕಿ ಬಾಗಿಲು ಹಾಕಿಕೊಂಡು ಮಿರ್ಚಿ ಕರಿದಿದ್ದೀರಾ? ಎಕ್ಸಾಸ್ಟ್ ಫ್ಯಾನ್ ಎಷ್ಟೇ ಅರಚಿದರೂ ಘಾಟು ಹೋಗುವುದಿಲ್ಲ, ಯಾಕೆಂದರೆ ಹೊರಗಿನ ಗಾಳಿ ಒಳಗೆ ಬಂದರೆ ತಾನೇ ಒಳಗಿನದು ಹೊರಗೆ ಹೋಗುವುದು. ಒಂದು ಕಿಟಕಿ ತೆರೆದು ನೋಡಿ, ಎರಡು ನಿಮಿಷದಲ್ಲಿ ಅಡುಗೆಮನೆ ತಿಳಿಯಾಗುತ್ತದೆ. ನಿಮ್ಮ ಕ್ಯಾಬಿನೆಟ್ ಕಿಟಕಿ ಹಾಕಿದ ಅಡುಗೆಮನೆ. ಆರು ಫ್ಯಾನ್ ಅಲ್ಲ, ಹನ್ನೆರಡು ಹಾಕಿದರೂ ಅಷ್ಟೇ.

ಪರೀಕ್ಷೆ ಸುಲಭ. ಎಚ್‌ಡಬ್ಲ್ಯೂ ಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ತೆರೆದಿಟ್ಟು ಇಪ್ಪತ್ತು ನಿಮಿಷ ಗೇಮ್ ಆಡಿ, ಸಿಪಿಯು ಎಷ್ಟಕ್ಕೆ ನಿಂತಿತು ಬರೆದುಕೊಳ್ಳಿ. ಆಮೇಲೆ ಮುಂದಿನ ಗಾಜು ಕಳಚಿ ಪಕ್ಕಕ್ಕಿಟ್ಟು ಅದೇ ಗೇಮ್, ಅದೇ ಇಪ್ಪತ್ತು ನಿಮಿಷ. ಐದಾರು ಡಿಗ್ರಿ ಇಳಿದರೆ ಕಳ್ಳ ಸಿಕ್ಕ. ಬೇಸಿಗೆ ಮುಗಿಯೋವರೆಗೆ ಗಾಜು ಹಾಕಬೇಡಿ, ಅಥವಾ ಗಾಜಿಗೂ ಚೌಕಟ್ಟಿಗೂ ನಡುವೆ ರಬ್ಬರ್ ಬುಷ್ ಕೊಟ್ಟು ಒಂದಿಂಚು ಹೊರಗೆ ತನ್ನಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಹತ್ತಿಪ್ಪತ್ತು ರೂಪಾಯಿ ಕೆಲಸ. ಇನ್ನು ಮುಂದೆ ಯಾರಾದರೂ ಸ್ನೇಹಿತರು ಕ್ಯಾಬಿನೆಟ್ ಕೊಳ್ಳುವಾಗ ಮುಂದೆ ಜಾಲರಿ ಇರುವುದನ್ನೇ ತಗೊಳ್ಳಲು ಹೇಳಿ. ಗಾಜಿನದು ಅಂಗಡಿಯ ಲೈಟಿನಲ್ಲಿ ಚೆಂದ, ದಾವಣಗೆರೆ ಬೇಸಿಗೆಗಲ್ಲ.

ಎರಡನೇದು, ಫ್ಯಾನಿನ ದಿಕ್ಕು. ಫ್ಯಾನಿಗೆ ಎರಡು ಮುಖ. ರೆಕ್ಕೆ ಬಿಚ್ಚಿಕೊಂಡಂತೆ ಕಾಣುವ ಮುಖದಿಂದ ಗಾಳಿ ಒಳಗೆ ಹೋಗುತ್ತದೆ, ಅಡ್ಡಪಟ್ಟಿಗಳು ಮೋಟರನ್ನು ಹಿಡಿದಿರುವ ಮುಖದಿಂದ ಹೊರಗೆ ಬರುತ್ತದೆ. ಅನುಮಾನ ಇದ್ದರೆ ದೇವರ ಮನೆಯಿಂದ ಒಂದು ಊದುಬತ್ತಿ ತನ್ನಿ. ಗಾಜು ಕಳಚಿ, ಪಿಸಿ ಆನ್ ಇರುವಾಗ ಮುಂದಿನ ಫ್ಯಾನುಗಳ ಹತ್ತಿರ, ಒಂದು ಗೇಣು ದೂರದಲ್ಲಿ ಹಿಡಿಯಿರಿ. ಹೊಗೆಯ ಎಳೆ ಮೊದಲು ನೆಟ್ಟಗೆ ಮೇಲೇರುತ್ತಿರುತ್ತದೆ, ಫ್ಯಾನ್ ಎಳೆಯುತ್ತಿದ್ದರೆ ಒಂದು ಕಡೆ ಬಾಗಿ ದಾರದ ಹಾಗೆ ಒಳಗೆ ಸೇರಿಹೋಗುತ್ತದೆ. ಹಿಂದೆ ಹಿಡಿದರೆ ಚೆದುರಿ ನಿಮ್ಮ ಮುಖಕ್ಕೇ ಬರಬೇಕು. ನಾನು ಈಗಲೂ ಗಿರಾಕಿಗಳ ಮುಂದೆ ಹೀಗೇ ತೋರಿಸುತ್ತೇನೆ. ಪೂಜೆ ಮಾಡ್ತಿದ್ದೀರಾ ಅಂತ ನಗುತ್ತಾರೆ, ನಗಲಿ. ಬೂದಿ ಮಾತ್ರ ಒಳಗೆ ಬೀಳದಂತೆ ನೋಡಿಕೊಳ್ಳಿ.

ಮೂರನೇದು ನಿಮ್ಮ ಫೋಟೊ ನೋಡಿದಾಗ ನನ್ನ ಕಣ್ಣಿಗೆ ಬಿದ್ದದ್ದು. ಮೇಲಿನ ಎರಡು ಫ್ಯಾನ್‌ಗಳಲ್ಲಿ ಮುಂದುಗಡೆಯದು ಇದೆಯಲ್ಲ, ಅದು ಮುಂದಿನಿಂದ ಬಂದ ತಣ್ಣನೆ ಗಾಳಿಯನ್ನು ಸಿಪಿಯು ಹತ್ತಿರ ಹೋಗುವ ಮೊದಲೇ ಮೇಲಕ್ಕೆ ಎಸೆಯುತ್ತಿದೆ. ಬಡಿಸುವ ಮೊದಲೇ ಎಲೆ ಎತ್ತಿದ ಹಾಗೆ. ಅದನ್ನು ಬಿಚ್ಚಿಡಿ. ಫ್ಯಾನ್ ಕಡಿಮೆ ಮಾಡಿದರೆ ತಣ್ಣಗಾಗುತ್ತಾ ಎಂದು ಕೇಳಬೇಡಿ, ಒಮ್ಮೆ ಬಿಚ್ಚಿ ನೋಡಿ.

ನಾಲ್ಕನೇದು ಕೂಲರ್ ಕೂತಿರುವ ರೀತಿ. ಇಂಟೆಲ್ ಜೊತೆ ಬರುವ ಕೂಲರಿಗೆ ನಾಲ್ಕು ಪುಶ್ ಪಿನ್. ಒಂದು ಮೂಲೆ ಒತ್ತಿದರೆ ಅದರ ಎದುರು ಮೂಲೆ ಒತ್ತಬೇಕು, ಪ್ರತಿಯೊಂದಕ್ಕೂ ಟಕ್ ಅಂತ ಸದ್ದು ಬರಬೇಕು. ಮದರ್‌ಬೋರ್ಡಿನ ಹಿಂದೆ ಟಾರ್ಚ್ ಬಿಟ್ಟು ನೋಡಿದರೆ ನಾಲ್ಕೂ ಕಡೆ ಪ್ಲಾಸ್ಟಿಕ್ ಕಾಲು ಪೂರ್ತಿ ಹೊರಬಂದು ಅಗಲಿಸಿಕೊಂಡಿರಬೇಕು. ಮೊದಲ ಸಲ ಜೋಡಿಸುವವರಲ್ಲಿ ಒಂದು ಪಿನ್ ಅರ್ಧ ಕೂತಿರುವುದು ತುಂಬ ಮಾಮೂಲಿ, ಚಳಿಗಾಲದಲ್ಲಿ ಅದು ಗೊತ್ತೇ ಆಗುವುದಿಲ್ಲ. ಕೂಲರ್ ಎತ್ತಿದಿರೋ, ಚಿಪ್‌ಗೂ ಕೂಲರಿಗೂ ನಡುವೆ ಕಾವು ದಾಟಿಸುವ ಹಳೆ ಥರ್ಮಲ್ ಪೇಸ್ಟ್ ಪೂರ್ತಿ ಒರೆಸಿ ಹೊಸದು ಹಾಕಲೇಬೇಕು. ಬಟಾಣಿ ಕಾಳಿನಷ್ಟು ಸಾಕು.

ಇಷ್ಟೂ ಮಾಡಿದ ಮೇಲೂ 90ರ ಮೇಲೇ ಇದ್ದರೆ ಬಯಾಸ್‌ಗೆ (ಪಿಸಿ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ ಪುಟ) ಹೋಗಿ. ಈ ಚಿಪ್‌ನ ಮೂಲ ಲೆಕ್ಕ 65 ವಾಟ್, ಜೋರು ಮಾಡಿದಾಗ 117 ವಾಟ್‌ವರೆಗೆ ಹೋಗಬಹುದು. ಪವರ್ ಲಿಮಿಟ್ ಅನ್ನುವಲ್ಲಿ ಎರಡನ್ನೂ 65ಕ್ಕೆ ಕಟ್ಟಿಹಾಕಿ. ಗೇಮ್ ಆಡುವಾಗ ವ್ಯತ್ಯಾಸ ಕಾಣುವುದೇ ಕಡಿಮೆ, ವಿಡಿಯೊ ರೆಂಡರ್ ಮಾತ್ರ ಸ್ವಲ್ಪ ನಿಧಾನ. ಕೊನೆಗೂ ದುಡ್ಡು ಹಾಕಲೇಬೇಕು ಅನ್ನಿಸಿದರೆ ಎರಡು ಸಾವಿರದ ಆಸುಪಾಸಿನಲ್ಲಿ 120 ಮಿಲಿಮೀಟರ್ ಫ್ಯಾನಿನ ಟವರ್ ಕೂಲರ್ ಬರುತ್ತದೆ, ತಾಮ್ರದ ನಾಲ್ಕು ಕೊಳವೆ ಇರುವಂಥದ್ದು. ಅದು ಈ ಚಿಪ್‌ಗೆ ಧಾರಾಳ. ಕೊಳ್ಳುವ ಮೊದಲು ಕೂಲರಿನ ಎತ್ತರ ನಿಮ್ಮ ಕ್ಯಾಬಿನೆಟ್ಟಿನಲ್ಲಿ ಹಿಡಿಸುತ್ತದಾ ನೋಡಿ, 150 ಮಿಲಿಮೀಟರ್ ಕೂಲರ್ ತಂದು ಪಕ್ಕದ ಗಾಜು ಮುಚ್ಚಲಾಗದೆ ಕೂತವರು ನನ್ನ ಹತ್ತಿರ ಬಂದಿದ್ದಾರೆ.

ಲಿಕ್ವಿಡ್ ಕೂಲರ್ ಕೆಟ್ಟದ್ದು ಅಂತಲ್ಲ. ಅದೂ ಕೊನೆಗೆ ಕಾವನ್ನು ಗಾಳಿಗೇ ಬಿಡಬೇಕು. ಅದರ ರೇಡಿಯೇಟರನ್ನು, ಅಂದರೆ ದ್ರವದ ಕಾವನ್ನು ಗಾಳಿಗೆ ಬಿಡುವ ಭಾಗವನ್ನು, ನಿಮ್ಮ ಗಾಜಿನ ಹಿಂದೆ ಕೂರಿಸಿದರೆ ಅದಕ್ಕೂ ಉಸಿರು ಕಟ್ಟುತ್ತದೆ. ಜೊತೆಗೆ ಕೆಡಲು ಒಂದು ಪಂಪ್ ಜಾಸ್ತಿ.

ಪ್ರಶ್ನೆ: ನಮ್ಮ ಮನೆ ಮಂಡಕ್ಕಿ ಭಟ್ಟಿಗಳ ಹತ್ತಿರ. ಮೂರೇ ತಿಂಗಳಿಗೆ ಪಿಸಿ ಒಳಗೆಲ್ಲ ಕರಿ ಧೂಳು. ಗೆಳೆಯರು ಪಂಕ್ಚರ್ ಅಂಗಡಿಗೆ ಒಯ್ದು ಗಾಳಿ ಹೊಡೆಸು ಅಂತಾರೆ. ಹೊಡೆಸಬಹುದಾ?
– ದಾವಣಗೆರೆ

ಉತ್ತರ: ದಯವಿಟ್ಟು ಬೇಡ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಟ್ಯಾಂಕಿನಲ್ಲಿ ನೀರು ಕೂತಿರುತ್ತದೆ, ಒಂದಿಷ್ಟು ಎಣ್ಣೆಯ ಅಂಶವೂ ಸೇರಿರುತ್ತದೆ. ಟೈರಿಗೆ ಅದು ಲೆಕ್ಕಕ್ಕಿಲ್ಲ. ಮದರ್‌ಬೋರ್ಡಿಗೆ ಹೊಡೆದರೆ ಧೂಳು ಹೋಗುವ ಬದಲು ಕೆಸರಾಗಿ ಅಂಟುತ್ತದೆ. ಅನುಮಾನ ಇದ್ದರೆ ಆ ಪೈಪಿನಿಂದ ಒಂದು ಬಿಳಿ ಕಾಗದಕ್ಕೆ ಗಾಳಿ ಬಿಡಿಸಿ ನೋಡಿ, ಸಣ್ಣ ಸಣ್ಣ ಹನಿ ಬೀಳುವುದು ಕಾಣುತ್ತದೆ.

ಮನೆಯಲ್ಲೇ ಬಳಸುವ ಕರೆಂಟಿನ ಹ್ಯಾಂಡ್ ಬ್ಲೋವರ್ ಸಾಕು. ವೈರ್ ಕಿತ್ತು, ಕ್ಯಾಬಿನೆಟ್ ಜಗಲಿಗೆ ತಂದು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಾಡಿ. ಒಳಗೆ ಮಾತ್ರ ಮಾಡಬೇಡಿ, ಮನೆಯವರು ಇಬ್ಬರನ್ನೂ ಹೊರಗೆ ಹಾಕುತ್ತಾರೆ, ನಿಮ್ಮನ್ನೂ ಪಿಸಿಯನ್ನೂ. ಗಾಳಿ ಬಿಡುವಾಗ ಪ್ರತಿ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದಲೋ ಪೆನ್ಸಿಲಿನಿಂದಲೋ ತಿರುಗದಂತೆ ಹಿಡಿಯಿರಿ. ಬ್ಲೋವರ್ ಗಾಳಿಗೆ ಅದು ಜುಂಯ್ ಅಂತ ತಿರುಗುವುದು ಕೇಳಲು ಮಜಾ ಇರುತ್ತದೆ, ಆದರೆ ಅದರ ಬೇರಿಂಗ್ ಆ ವೇಗಕ್ಕೆ ಮಾಡಿದ್ದಲ್ಲ. ಸಿಪಿಯು ಕೂಲರಿನ ಫ್ಯಾನ್ ಕೆಳಗೆ ಅಲ್ಯೂಮಿನಿಯಂ ಪಟ್ಟಿಗಳ ನಡುವೆ ಧೂಳು ಹಪ್ಪಳದ ಹಾಗೆ ಕೂತಿರುತ್ತದೆ. ಮೇಲಿನಿಂದ ಊದಿದರೆ ಅದು ಏಳುವುದಿಲ್ಲ. ಬದಿಯಿಂದ ಊದಬೇಕು, ನಡುನಡುವೆ ಒಂದು ಹೊಸ ಪೇಂಟ್ ಬ್ರಷ್ಷಿನಿಂದ ಎಬ್ಬಿಸಬೇಕು. ಭಟ್ಟಿಯ ಮಸಿ ಸ್ವಲ್ಪ ಜಿಡ್ಡು, ಹಾಗಾಗಿ ಬ್ರಷ್ ಇಲ್ಲದೆ ಆಗದು. ಮನೆಯ ವ್ಯಾಕ್ಯೂಮ್ ಕ್ಲೀನರ್ ಕೊಳವೆಯನ್ನು ಬೋರ್ಡಿಗೆ ತಾಗಿಸಬೇಡಿ, ಸ್ಟ್ಯಾಟಿಕ್ ಕರೆಂಟಿನ ಅಪಾಯ ಇದೆ. ಎಸ್‌ಎಂಪಿಎಸ್‌ಗೆ, ಅಂದರೆ ಪಿಸಿಗೆ ಕರೆಂಟ್ ಕೊಡುವ ಪವರ್ ಸಪ್ಲೈ ಡಬ್ಬಿಗೆ, ಹೊರಗಿನಿಂದಲೇ ಗಾಳಿ ಬಿಡಿ, ಸ್ಕ್ರೂ ಬಿಚ್ಚಬೇಡಿ. ಅದರ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ವೈರ್ ಕಿತ್ತ ಮೇಲೂ 300 ವೋಲ್ಟ್ ಮೀರಿದ ಕರೆಂಟ್ ಕೂತಿರಬಹುದು.

ಧೂಳು ಬರುವುದನ್ನೇ ಕಡಿಮೆ ಮಾಡುವ ದಾರಿ ಇನ್ನೊಂದಿದೆ. ಒಳಗೆ ಎಳೆಯುವ ಗಾಳಿ ಹೊರಗೆ ಹಾಕುವುದಕ್ಕಿಂತ ಸ್ವಲ್ಪ ಜಾಸ್ತಿ ಇರಲಿ. ಹೊರಗೆ ಹಾಕುವುದೇ ಜಾಸ್ತಿಯಾದರೆ ಪೆಟ್ಟಿಗೆ ಸಿಕ್ಕ ಸಿಕ್ಕ ಸಂದಿಯಿಂದ ಗಾಳಿ ಎಳೆಯುತ್ತದೆ, ಯುಎಸ್‌ಬಿ ತೂತಿನಿಂದ, ಹಿಂದಿನ ಖಾಲಿ ಪಟ್ಟಿಯಿಂದ. ಅಲ್ಲೆಲ್ಲ ಫಿಲ್ಟರ್ ಎಲ್ಲಿರುತ್ತದೆ? ಕೋಟೆಯ ಮುಂಬಾಗಿಲಿಗೆ ಎಷ್ಟೇ ಕಾವಲಿಟ್ಟರೂ ಶತ್ರು ನುಸುಳುವುದು ಕಿಂಡಿಯಲ್ಲಿ ಅನ್ನುವುದನ್ನು ಪಕ್ಕದ ದುರ್ಗದವರು ಚೆನ್ನಾಗಿ ಬಲ್ಲರು. ಒಳಗೆ ಎಳೆಯುವ ಫ್ಯಾನುಗಳ ಮುಂದೆ ಮಾತ್ರ ಜಾಲರಿ ಫಿಲ್ಟರ್ ಹಾಕಿ. ನಿಮ್ಮ ಬೀದಿಗೆ ಹದಿನೈದು ದಿನಕ್ಕೊಮ್ಮೆ ಅದನ್ನು ನಲ್ಲಿ ಕೆಳಗೆ ತೊಳೆದು ಪೂರ್ತಿ ಒಣಗಿಸಿ ಹಾಕಬೇಕು. ತೊಳೆಯದ ಫಿಲ್ಟರ್ ಎಂದರೆ ಮತ್ತೆ ಗಾಜಿನ ಕಥೆಯೇ.

ಪ್ರಶ್ನೆ: ನಾನು ಮನೆಯಲ್ಲೇ ಡಿಟಿಪಿ ಕೆಲಸ ಮಾಡುತ್ತೇನೆ. ಮಗ ಜೋಡಿಸಿಕೊಟ್ಟ ಪಿಸಿ. ಒಳಗೆ ನೋಡಿದರೆ ವೈರುಗಳು ಹಾವಿನ ಹುತ್ತದ ಹಾಗಿವೆ. ಕೇಬಲ್ ಮ್ಯಾನೇಜ್‌ಮೆಂಟ್ ಮಾಡಿದರೆ ಹತ್ತು ಡಿಗ್ರಿ ಇಳಿಯುತ್ತದೆ ಅಂತಾನೆ. ನಿಜವಾ? ಹೌದಾದರೆ ಮೊದಲೇ ಯಾಕೆ ಮಾಡಲಿಲ್ಲ ಅಂತ ನೀವೇ ಕೇಳಿ.
– ಜೆ.ಸಿ.ಆರ್. ಬಡಾವಣೆ, ಚಿತ್ರದುರ್ಗ

ಉತ್ತರ: ಅಕ್ಕಾ, ಮಗನ ಪರ ಸ್ವಲ್ಪ ಮಾತಾಡುತ್ತೇನೆ, ಆಮೇಲೆ ಬೈಯುತ್ತೇನೆ.

ಹತ್ತು ಡಿಗ್ರಿ ಇಳಿಯುವುದಿಲ್ಲ. ಬಹಳ ಸಲ ಒಂದೆರಡು ಡಿಗ್ರಿ ಕೂಡ ಇಳಿಯುವುದಿಲ್ಲ. ಸಪೂರ ವೈರುಗಳ ಸುತ್ತ ಗಾಳಿ ಹರಿದು ಹೋಗುತ್ತದೆ. ಈ ಮಾತು ಹುಟ್ಟಿದ್ದು ಹಳೆ ಕಾಲದಲ್ಲಿ. 2003ರ ಹೊತ್ತಿಗೆ ಈಗಿನ ಸಪೂರ ಸಾಟಾ ಕೇಬಲ್ ಬರುವ ಮೊದಲು ಹಾರ್ಡ್ ಡಿಸ್ಕಿಗೂ ಸಿಡಿ ಡ್ರೈವಿಗೂ ಐಡಿಇ ಪಟ್ಟಿ ಇರುತ್ತಿತ್ತು, ಎರಡಿಂಚು ಅಗಲದ ಬೂದು ರಿಬ್ಬನ್. ಅಂಥವು ಎರಡು ಅಡ್ಡ ನಿಂತರೆ ನಿಜಕ್ಕೂ ಪರದೆ ಕಟ್ಟಿದ ಹಾಗೆ. ಆಗಿನ ಮಾತನ್ನು ಈಗಿನವರು ಹಾಗೇ ಹೇಳುತ್ತಾ ಬಂದಿದ್ದಾರೆ.

ಹಾಗಾದರೆ ಈಗ ವೈರ್ ಹೇಗಿದ್ದರೂ ನಡೆಯುತ್ತಾ? ಇಲ್ಲ. ಮೂರು ಕಡೆ ನಡೆಯುವುದಿಲ್ಲ. ಮುಂದಿನ ಫ್ಯಾನಿನ ಬೆನ್ನಿಗೇ ವೈರಿನ ಗಂಟು ತುರುಕಿದ್ದರೆ ಗಾಳಿ ಅಲ್ಲೇ ನಿಲ್ಲುತ್ತದೆ. ಗ್ರಾಫಿಕ್ಸ್ ಕಾರ್ಡಿನ ಕೆಳಗೆ ವೈರಿನ ಸಿಂಬೆ ಬಿದ್ದಿದ್ದರೆ ಅದರ ಫ್ಯಾನಿಗೆ ಗಾಳಿ ಸಿಗದು. ಯಾವುದಾದರೂ ಸಣ್ಣ ವೈರ್ ಜೋತು ಬಿದ್ದು ಫ್ಯಾನಿನ ರೆಕ್ಕೆಗೆ ತಾಗಿದರೆ ಕತೆ ಮುಗಿಯಿತು. ಹೋದ ವರ್ಷ ಒಬ್ಬರು "ಪಿಸಿ ಒಳಗೆ ಜೀರುಂಡೆ ಸೇರಿದೆ" ಅಂತ ತಂದರು. ತೆಗೆದು ನೋಡಿದರೆ ಮುಂದಿನ ಆಡಿಯೊ ವೈರ್ ಸಿಪಿಯು ಫ್ಯಾನಿಗೆ ತಾಗಿ ಟರ್ರ್ ಅನ್ನುತ್ತಿತ್ತು, ಅದರ ಮೇಲಿನ ಪ್ಲಾಸ್ಟಿಕ್ ಅರ್ಧ ಸವೆದಿತ್ತು. ಇನ್ನೊಂದು ತಿಂಗಳು ಹೋಗಿದ್ದರೆ ಫ್ಯಾನೇ ನಿಲ್ಲುತ್ತಿತ್ತು.

ಆದ್ದರಿಂದ ವೈರ್ ಕಟ್ಟುವುದು ತಂಪಿಗಿಂತ ಹೆಚ್ಚಾಗಿ ಕೈಗೆ ಅನುಕೂಲ. ಧೂಳು ತೆಗೆಯಲು ಸುಲಭ, ರ‍್ಯಾಮ್ ಬದಲಿಸಲು ಸುಲಭ, ಯಾವುದು ಎಲ್ಲಿ ಸಡಿಲ ಆಗಿದೆ ಅಂತ ಕಣ್ಣಿಗೆ ಕಾಣುತ್ತದೆ. ಭಾನುವಾರ ಮಗನನ್ನು ಕೂರಿಸಿ ಹೀಗೆ ಮಾಡಿಸಿ. ಮೊದಲು ಫೋಟೊ ತೆಗೆಯಲಿ, ಯಾವ ವೈರ್ ಎಲ್ಲಿತ್ತು ಅಂತ. ಎರಡೂ ಬದಿಯ ಮುಚ್ಚಳ ತೆಗೆಯಲಿ. ಮದರ್‌ಬೋರ್ಡ್ ಕೂತಿರುವ ತಗಡಿನ ಹಿಂದೆ ಒಂದಿಂಚಿನಷ್ಟು ಜಾಗ ಇರುತ್ತದೆ, ವೈರುಗಳ ಮನೆ ಅದು. ಸಿಪಿಯುಗೆ ಹೋಗುವ ಎಂಟು ಪಿನ್ನಿನ ವೈರ್ ಮೇಲಿನ ಎಡ ಮೂಲೆಗೆ ಬರುತ್ತದೆ, ಅದನ್ನು ಹಿಂದಿನಿಂದ ತಂದು ಮೊದಲೇ ಸಿಕ್ಕಿಸಬೇಕು, ಕೊನೆಗೆ ಮಾಡಲು ಹೋದರೆ ಕೈ ಹಿಡಿಸುವುದಿಲ್ಲ. ಬೋರ್ಡ್ ಕೂರಿಸುವ ಮೊದಲೇ ಎಳೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ನಿಮ್ಮ ಮಗ ಅಲ್ಲೇ ಎಡವಿರಬೇಕು, ಫೋಟೊದಲ್ಲಿ ಆ ವೈರ್ ಗ್ರಾಫಿಕ್ಸ್ ಕಾರ್ಡಿನ ಮೇಲೆ ಹಾದು ಓರೆಯಾಗಿ ಹೋಗಿದೆ. ಆಮೇಲೆ 24 ಪಿನ್ನಿನ ದಪ್ಪ ವೈರ್, ಆಮೇಲೆ ಕಾರ್ಡಿನದು, ಆಮೇಲೆ ಸಾಟಾ. ಪವರ್ ಬಟನ್ನಿನ ಸಣ್ಣ ವೈರುಗಳು ಕೊನೆಗೆ. ಉಳಿದ ಉದ್ದವನ್ನು ಹಿಂದೆಯೇ ಮಡಚಿ ವೆಲ್‌ಕ್ರೊ ಪಟ್ಟಿಯಿಂದ ಕಟ್ಟಲಿ. ಪ್ಲಾಸ್ಟಿಕ್ ಟೈ ಹಾಕಿದರೆ ಬಿಗಿದು ಉಸಿರುಗಟ್ಟಿಸಬಾರದು, ಮುಂದೆ ಕತ್ತರಿಸುವಾಗ ವೈರನ್ನೂ ಸೇರಿಸಿ ಕತ್ತರಿಸುವ ಸಾಹಸ ನಡೆಯುತ್ತದೆ. ಕನೆಕ್ಟರಿನ ಬುಡದಲ್ಲೇ ವೈರನ್ನು ಮಡಚಬಾರದು, ಒಂದಿಂಚು ನೆಟ್ಟಗೆ ಬಂದು ಆಮೇಲೆ ತಿರುಗಲಿ. ಎಲ್ಲ ಕನೆಕ್ಟರೂ ಟಕ್ ಅನ್ನುವವರೆಗೆ ಒತ್ತಲಿ, ಅರ್ಧ ಕೂತ ಪವರ್ ಕನೆಕ್ಟರ್ ಕಾದು ಕರಗುತ್ತದೆ.

ಈಗ ಬೈಗುಳದ ಮಾತು, ಇದು ನನಗೇ ನಾನು ಬೈದುಕೊಂಡದ್ದು. ಕೆಲವು ಎಸ್‌ಎಂಪಿಎಸ್‌ಗಳಲ್ಲಿ ವೈರುಗಳನ್ನು ಎರಡೂ ತುದಿಯಲ್ಲಿ ಬಿಚ್ಚಬಹುದು, ಮಾಡ್ಯುಲರ್ ಅನ್ನುತ್ತಾರೆ. ಒಂದು ಕಂಪನಿಯ ವೈರ್ ಇನ್ನೊಂದರಲ್ಲಿ ಸಲೀಸಾಗಿ ಕೂರುತ್ತದೆ. ಕೂರುತ್ತದೆ ಅಷ್ಟೇ, ಒಳಗಿನ ಪಿನ್‌ಗಳ ಜಾಗ ಬೇರೆ ಬೇರೆ. ಒಮ್ಮೆ ಎಸ್‌ಎಂಪಿಎಸ್ ಬದಲಿಸುವಾಗ, ಹಳೆ ವೈರುಗಳು ಚೆನ್ನಾಗಿ ಕಟ್ಟಿವೆಯಲ್ಲ, ಯಾಕೆ ಬಿಚ್ಚುವುದು ಅಂತ ಸೋಮಾರಿತನ ಮಾಡಿ ಅದಕ್ಕೇ ಹೊಸದನ್ನು ಸಿಕ್ಕಿಸಿದೆ. ಸ್ವಿಚ್ ಹಾಕಿದೆ. ಸುಟ್ಟ ಬೆಲ್ಲದಂಥ ಒಂದು ವಾಸನೆ ಬಂತು. 1 ಟಿಬಿ ಹಾರ್ಡ್ ಡಿಸ್ಕ್, ಐದು ವೋಲ್ಟ್ ಹೋಗಬೇಕಾದ ಕಡೆ ಹನ್ನೆರಡು ಹೋಗಿತ್ತು. ಗಿರಾಕಿಯ ಮಗಳ ಮದುವೆ ಫೋಟೊ ಅದರಲ್ಲಿದ್ದವು. ಪುಣ್ಯಕ್ಕೆ ಸ್ಟುಡಿಯೊದವರ ಹತ್ತಿರ ಇನ್ನೊಂದು ಪ್ರತಿ ಇತ್ತು, ಡಿಸ್ಕಿನ ದುಡ್ಡು ನಾನು ಕೊಟ್ಟೆ. ಅವತ್ತಿನಿಂದ ಎಸ್‌ಎಂಪಿಎಸ್ ಬದಲಾದರೆ ಅದರ ಅಷ್ಟೂ ವೈರ್ ಬದಲು. ಮಗನಿಗೆ ಇದನ್ನು ಎರಡು ಸಲ ಓದಿಸಿ.

ಪ್ರಶ್ನೆ: ಕಂಪ್ಯೂಟರ್ ಟೇಬಲ್ಲಿನಲ್ಲೇ ಕ್ಯಾಬಿನೆಟ್ ಇಡಲು ಬಾಗಿಲಿರುವ ಗೂಡು ಇದೆ. ಧೂಳು ಬರಬಾರದೆಂದು ಬಾಗಿಲು ಹಾಕಿಯೇ ಇಟ್ಟಿರುತ್ತೇನೆ. ಒಳ್ಳೆಯದು ತಾನೇ?
– ಹರಿಹರ

ಉತ್ತರ: ಅಲ್ಲ. ಹಿಂದಿನಿಂದ ಬಂದ ಬಿಸಿ ಗಾಳಿ ಗೂಡಿನಲ್ಲೇ ಸುತ್ತಿ ಮತ್ತೆ ಮುಂದಿನಿಂದ ಒಳಗೆ ಹೋಗುತ್ತದೆ. ಅರ್ಧ ಗಂಟೆ ಬಿಟ್ಟು ಗೂಡಿನೊಳಗೆ ಕೈ ಇಟ್ಟು ನೋಡಿ. ಬಾಗಿಲು ಕಳಚಿ, ಹಿಂದಿನ ಹಲಗೆ ಇದ್ದರೆ ಅದನ್ನೂ ತೆಗೆಸಿ, ಇಲ್ಲವೇ ಕ್ಯಾಬಿನೆಟ್ಟನ್ನು ಟೇಬಲ್ ಪಕ್ಕ ಒಂದು ಸಣ್ಣ ಸ್ಟೂಲಿನ ಮೇಲಿಡಿ. ನೆಲಕ್ಕೆ ಬೇಡ, ಕಸ ಗುಡಿಸುವ ಧೂಳು, ಒರೆಸುವ ನೀರು ಎರಡೂ ಅಲ್ಲೇ. ಗೋಡೆಗೂ ಅದರ ಬೆನ್ನಿಗೂ ಅರ್ಧ ಅಡಿ ಬಿಡಿ.

ಪ್ರಶ್ನೆ: ಕ್ಯಾಬಿನೆಟ್ ತಗಡು ಮುಟ್ಟಿದರೆ ಜುಮ್ ಅಂತ ಶಾಕ್ ಹೊಡೆಯುತ್ತದೆ. ಒಳಗೆ ಯಾವುದೋ ವೈರ್ ಕಿತ್ತು ತಗಡಿಗೆ ತಾಗಿದೆ ಅಂತ ಎಲ್ಲ ಬಿಚ್ಚಿ ಮತ್ತೆ ಕಟ್ಟಿದೆ. ಆದರೂ ಹೋಗಿಲ್ಲ. ಟೆಸ್ಟರ್ ಇಟ್ಟರೆ ಉರಿಯುತ್ತದೆ.
– ಚಳ್ಳಕೆರೆ

ಉತ್ತರ: ಒಳಗೆ ಏನೂ ಆಗಿಲ್ಲ ಅನ್ನಿಸುತ್ತದೆ, ತಪ್ಪು ಗೋಡೆಯಲ್ಲಿದೆ. ಎಸ್‌ಎಂಪಿಎಸ್ ಒಳಗೆ ಕರೆಂಟಿನ ಎರಡೂ ತಂತಿಯಿಂದ ತಗಡಿಗೆ ಒಂದೊಂದು ಪುಟ್ಟ ಕೆಪಾಸಿಟರ್ ಇರುತ್ತದೆ, ಕರೆಂಟಿನಲ್ಲಿನ ಗದ್ದಲ ಸೋಸಲು. ಅಲ್ಲಿಂದ ಸೋರುವ ಅಲ್ಪ ಕರೆಂಟ್ ಅರ್ಥಿಂಗ್ ತಂತಿಯಲ್ಲಿ ಭೂಮಿಗೆ ಹೋಗಬೇಕು. ಅರ್ಥಿಂಗ್ ಇಲ್ಲದಿದ್ದರೆ ತಗಡು 230ರ ಅರ್ಧದಷ್ಟು, ಅಂದರೆ 115 ವೋಲ್ಟಿನ ಆಸುಪಾಸಿನಲ್ಲಿ ತೇಲುತ್ತಿರುತ್ತದೆ. ಜುಮ್ ಅನ್ನುವುದು ಅದು. ಎರಡು ಪಿನ್ನಿನ ಎಕ್ಸ್‌ಟೆನ್ಷನ್ ಬಾಕ್ಸ್ ಬಳಸುತ್ತಿದ್ದರೆ ಇವತ್ತೇ ಬಿಸಾಕಿ. ಮೂರು ಪಿನ್ನಿನದೇ ಆಗಿದ್ದರೆ ಮನೆಯ ಅರ್ಥಿಂಗ್ ಗುಂಡಿ ನೋಡಿಸಿ. ನಿಮ್ಮ ಕಡೆಯ ಒಣ ನೆಲದಲ್ಲಿ ಬೇಸಿಗೆಗೆ ಆ ಗುಂಡಿ ಪೂರ್ತಿ ಆರಿಹೋಗುತ್ತದೆ, ಆರಿದ ಮಣ್ಣು ಕರೆಂಟನ್ನು ಸರಿಯಾಗಿ ಎಳೆದುಕೊಳ್ಳುವುದಿಲ್ಲ. ಎರಡು ಕೊಡ ನೀರು ಹೊಯ್ದು ಮತ್ತೆ ಟೆಸ್ಟರ್ ಇಟ್ಟು ನೋಡಿ. ಆಗಲೂ ಉರಿದರೆ ಎಲೆಕ್ಟ್ರಿಷಿಯನ್ ಕರೆಸಲೇಬೇಕು. ಇದು ಪಿಸಿಗಿಂತ ನಿಮ್ಮ ಮನೆಯ ಗೀಸರಿಗೂ ವಾಷಿಂಗ್ ಮೆಷಿನ್‌ಗೂ ಮುಖ್ಯವಾದ ವಿಷಯ.

ಪ್ರಶ್ನೆ: ಹೊಸ ಫ್ಯಾನ್ ಹಾಕಿಸಿದ ಮೇಲೆ ಪಿಸಿ ಹಿಟ್ಟಿನ ಗಿರಣಿ ಹಾಗೆ ಸದ್ದು ಮಾಡುತ್ತದೆ. ಸುಮ್ನೆ ವರ್ಡ್ ತೆರೆದರೂ ಅದೇ ಸದ್ದು.
– ಹಿರಿಯೂರು

ಉತ್ತರ: ಫ್ಯಾನಿನ ತುದಿ ನೋಡಿ. ಮೂರು ಪಿನ್ ಇದ್ದರೆ ವೋಲ್ಟೇಜ್ ಇಳಿಸಿ ವೇಗ ಇಳಿಸಬೇಕು, ನಾಲ್ಕು ಪಿನ್ ಇದ್ದರೆ ಪಿಡಬ್ಲ್ಯೂಎಂ, ಅಂದರೆ ನಾಲ್ಕನೇ ಪಿನ್ನಿನ ಸಂಕೇತದಿಂದಲೇ ವೇಗ ಇಳಿಸುವುದು. ಬಯಾಸ್‌ನಲ್ಲಿ ಪಿಡಬ್ಲ್ಯೂಎಂ ಅಂತ ಇದ್ದು ನೀವು ಮೂರು ಪಿನ್ನಿನದು ಹಾಕಿದ್ದರೆ ಅದು ಸದಾ ಪೂರ್ತಿ ವೇಗದಲ್ಲೇ ತಿರುಗುತ್ತದೆ. ಅಲ್ಲಿ ಡಿಸಿ (ವೋಲ್ಟೇಜ್ ಇಳಿಸುವ ಬಗೆ) ಅಂತ ಬದಲಿಸಿ. ಸಿಪಿಯು 50 ಡಿಗ್ರಿವರೆಗೆ ಫ್ಯಾನ್ ನಿಧಾನ ಇರಲಿ, 80ರ ಹತ್ತಿರ ಮಾತ್ರ ಜೋರಾಗಲಿ. ಬೇಸಿಗೆಗೆ ಈ ಗೆರೆಯನ್ನು ಐದು ಡಿಗ್ರಿ ಮೇಲಕ್ಕೆ ಸರಿಸಿ, ಇಲ್ಲದಿದ್ದರೆ ಕೋಣೆಯ ಧಗೆಗೇ ಅದು ಅರಚಲು ಶುರು ಮಾಡುತ್ತದೆ. ಫ್ಯಾನನ್ನು ನೇರ ಎಸ್‌ಎಂಪಿಎಸ್‌ನ ದೊಡ್ಡ ನಾಲ್ಕು ಪಿನ್ನಿನ ಮೊಲೆಕ್ಸ್‌ಗೆ ಸಿಕ್ಕಿಸಿದ್ದರೆ ವೇಗ ಇಳಿಸಲು ಬರುವುದೇ ಇಲ್ಲ, ಮದರ್‌ಬೋರ್ಡಿಗೆ ತನ್ನಿ. ಬೋರ್ಡಿನ ಒಂದು ಫ್ಯಾನ್ ಪಾಯಿಂಟ್ ಸಾಮಾನ್ಯವಾಗಿ 1 ಆಂಪಿಯರ್ ತಡೆಯುತ್ತದೆ, ಸ್ಪ್ಲಿಟರ್ ಹಾಕಿ ಒಂದಕ್ಕೇ ಐದಾರು ಫ್ಯಾನ್ ನೇತುಹಾಕಬೇಡಿ. ಹಾಗೇ, ಲೈಟಿನ ಪ್ಲಗ್ಗಿನ ಮೇಲೆ ಕಣ್ಣಿರಲಿ. 5 ವೋಲ್ಟಿನ ಎಆರ್‌ಜಿಬಿ ಪ್ಲಗ್ಗನ್ನು 12 ವೋಲ್ಟಿನ ಆರ್‌ಜಿಬಿ ಪಾಯಿಂಟಿಗೆ ಒತ್ತಿ ತುರುಕಿದರೆ ಲೈಟು ಒಮ್ಮೆ ಮಿಂಚಿ ಶಾಶ್ವತ ಕತ್ತಲು.

ಪ್ರಶ್ನೆ: ಥರ್ಮಲ್ ಪೇಸ್ಟ್ ಬದಲು ಹಲ್ಲುಜ್ಜುವ ಪೇಸ್ಟ್ ಹಾಕಬಹುದು ಅಂತ ವಿಡಿಯೊದಲ್ಲಿ ನೋಡಿದೆ.
– ದಾವಣಗೆರೆ

ಉತ್ತರ: ಮೊದಲ ದಿನ ಕೆಲಸ ಮಾಡುತ್ತದೆ, ಅದರ ನೀರಿನಂಶ ಆರಿದ ಮೇಲೆ ಸುಣ್ಣದ ಹಕ್ಕಳೆ. ಹಲ್ಲಿಗೇ ಇರಲಿ. ಅಸಲಿ ಪೇಸ್ಟನ್ನು ಕೂಡ ವರ್ಷ ವರ್ಷ ಬದಲಿಸಬೇಕಿಲ್ಲ. ಧೂಳು ತೆಗೆದ ಮೇಲೂ ಮೊದಲಿಗಿಂತ ಕಾವು ಜಾಸ್ತಿ ಇದ್ದರೆ ಆಗ ಬದಲಿಸಿ.

ಪ್ರಶ್ನೆ: ಪಕ್ಕದ ಮುಚ್ಚಳ ತೆಗೆದು ಟೇಬಲ್ ಫ್ಯಾನ್ ಇಟ್ಟಿದ್ದೇನೆ. 12 ಡಿಗ್ರಿ ಇಳಿದಿದೆ. ಇದಕ್ಕಿಂತ ಒಳ್ಳೆ ಕೂಲರ್ ಯಾವುದಿದೆ ಹೇಳಿ ನೋಡೋಣ!
– ತುರುವನೂರು ರಸ್ತೆ, ಚಿತ್ರದುರ್ಗ

ಉತ್ತರ: ಸವಾಲು ಒಪ್ಪಿದೆ, ಸೋತೆ. ಆದರೆ ಮುಚ್ಚಳ ತೆಗೆದರೆ ಅಷ್ಟು ಇಳಿಯಿತು ಎಂದರೆ ಮುಚ್ಚಿದ್ದಾಗ ಗಾಳಿ ಬರುತ್ತಲೇ ಇರಲಿಲ್ಲ ಅಂತ ಅರ್ಥ, ಮೊದಲ ಪತ್ರದ ಉತ್ತರ ನಿಮಗೂ ಸೇರಿದ್ದು. ಬೆಟ್ಟದ ಗಾಳಿಯಂತ್ರಗಳನ್ನು ತಿರುಗಿಸುವ ನಿಮ್ಮೂರ ಗಾಳಿ ಬರಿಗೈಯಲ್ಲಿ ಬರುವುದಿಲ್ಲ, ಜೊತೆಗೆ ಕೆಂಧೂಳು ತರುತ್ತದೆ, ತೆರೆದ ಪೆಟ್ಟಿಗೆಗೆ ಅದು ವಾರಕ್ಕೊಂದು ಪದರ. ಇನ್ನೊಂದು, ಬೆಚ್ಚಗಿರುವ ಜಾಗ ಹುಡುಕಿಕೊಂಡು ಹಲ್ಲಿ ಬರುತ್ತದೆ. ಗ್ರಾಫಿಕ್ಸ್ ಕಾರ್ಡಿನ ಹಿಂದೆ ಒಣಗಿ ಅಂಟಿಕೊಂಡಿದ್ದ ಒಂದನ್ನು ನಾನೇ ಇಕ್ಕಳದಲ್ಲಿ ತೆಗೆದಿದ್ದೇನೆ. ಕಾರ್ಡ್ ಉಳಿಯಿತು, ಹಲ್ಲಿ ಉಳಿಯಲಿಲ್ಲ.